ತೊಲೆಯ ಮೇಲಿನ ಎಲೆ

ನಮ್ಮ ಮನೆಯ ಮುಂದಿನ ಡೆಕ್ಕಿಗೆ ಹಲಗೆ ಹಾಸಿದ್ದು ನಾನೇ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಹೇಳಬೇಕಾಗಿದ್ದ ದಿನ ಹೇಳಲಿಲ್ಲ. ಆ ದಿನದ ಸಂಗತಿಯನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಪೆನ್ನಿನ ನಿಬ್ಬು ಸರಿಯಿಲ್ಲ ಎಂದು ಎದ್ದು ಹೋಗಿದ್ದೇನೆ. ನಿಬ್ಬು ಸರಿಯಾಗಿಯೇ ಇತ್ತು.

ಜಾವಳಿಯ ಆಚೆಗಿನ ಗುಡ್ಡದ ಮೇಲೆ ಇಂಗ್ಲಿಷ್ ದೊರೆಯೊಬ್ಬರು ಕಟ್ಟಿಸಿದ ಸಣ್ಣ ಬಂಗಲೆ ನಮ್ಮದು. ನಾನು ಆ ದೊರೆಯ ಕಾಫಿ ಎಸ್ಟೇಟಿನಲ್ಲಿ ಹನ್ನೆರಡು ವರ್ಷ ರೈಟರಾಗಿದ್ದವನು. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ದೊರೆಯ ಬೈಗುಳ ಕೇಳುವುದು, ಇದು ನನ್ನ ಕೆಲಸ. ದೊರೆ ತಮ್ಮ ದೇಶಕ್ಕೆ ಹೊರಟಾಗ ದೊಡ್ಡ ತೋಟವನ್ನು ಬೇರೆಯವರಿಗೆ ಕೊಟ್ಟು, ಬಂಗಲೆಯನ್ನೂ ಅದರ ಸುತ್ತಲಿನ ತುಂಡು ತೋಟವನ್ನೂ ನನಗೆ ಬಿಟ್ಟುಕೊಟ್ಟರು. ಅಂದಿನಿಂದ ನಾನೂ ಒಬ್ಬ ತೋಟದ ಯಜಮಾನ. ಆದರೆ ಊರವರ ಬಾಯಲ್ಲಿ ನಾನು ‘ರೈಟ್ರು’ ಆಗಿಯೇ ಉಳಿದೆ. ಯಾರಾದರೂ ಹಾಗೆ ಕರೆದಾಗ ನಗುತ್ತಲೇ ಓಗೊಡುತ್ತಿದ್ದೆ, ಒಳಗೆ ಮುಳ್ಳು ಮುರಿದಂತಾಗುತ್ತಿತ್ತು.

ಬಂಗಲೆಯ ಮುಂದೆ ನೆಲ ಒಮ್ಮೆಲೇ ಇಳಿಜಾರು. ಅದಕ್ಕೇ ದೊರೆ ಕಂಬ ನಿಲ್ಲಿಸಿ, ತೊಲೆ ಹಾಯಿಸಿ, ಮೇಲೆ ಹಲಗೆ ಹಾಸಿ ಒಂದು ಅಟ್ಟಣೆ ಮಾಡಿಸಿದ್ದರು. ಸುತ್ತ ಸೊಂಟದೆತ್ತರದ ಕಟಕಟೆ. ಹಡಗಿನಲ್ಲಿ ಬಂದ ಮನುಷ್ಯನಾದ್ದರಿಂದ ಅದನ್ನು ‘ಡೆಕ್’ ಎಂದರು. ನಮ್ಮವರ ಬಾಯಲ್ಲಿ ಅದು ಡೆಕ್ಕು. ನನ್ನ ಕಾಲಕ್ಕೆ ಬರುವಾಗ ಅದರ ಹಲಗೆಗಳು ಮಳೆಗೆ ನೆನೆದು ನೆನೆದು ಲಡ್ಡಾಗಿದ್ದವು. ಒಂದು ದಿನ ಹಪ್ಪಳ ಒಣಗಿಸಲು ಹೋದ ನನ್ನ ಹೆಂಡತಿಯ ಕಾಲು ಹಲಗೆಯೊಳಗೆ ಮಂಡಿಯವರೆಗೂ ಇಳಿಯಿತು. ಕಾಲು ಎಳೆದುಕೊಂಡು, ಹಪ್ಪಳ ಎಣಿಸಿ, “ಆಚಾರ್ರಿಗೆ ಹೇಳಿ ಕಳ್ಸಿ” ಎಂದಳು.

ಆಚಾರ್ರು ಎಂದರೆ ಬಣಕಲ್ ದಾರಿಯ ತಿರುವಿನಲ್ಲಿದ್ದ ಮುದುಕ ಬಡಗಿ. ಸುತ್ತಲಿನ ಮನೆಗಳ ಮರದ ಕೆಲಸವೆಲ್ಲ ಅವರದು. ಗದ್ದೆ ಕೊಯ್ಲಾದ ಮೇಲೆ ಪ್ರತಿ ಮನೆಯವರೂ ಅವರಿಗೆ ಭತ್ತ ಅಳೆಯುತ್ತಿದ್ದರು. ಅವರು ವರ್ಷವಿಡೀ ನೇಗಿಲಿನಿಂದ ತೊಟ್ಟಿಲಿನವರೆಗೆ ಬೇಕಾದ್ದನ್ನು ಮಾಡಿಕೊಡುತ್ತಿದ್ದರು. ನಮ್ಮ ಮನೆಯೂ ಆ ಲೆಕ್ಕಕ್ಕೆ ಸೇರಿತ್ತು. ಅಷ್ಟೇ ಅಲ್ಲ, ತಮ್ಮ ಪ್ರಾಯದಲ್ಲಿ ದೊರೆಗೆ ಆ ಡೆಕ್ಕು ಕಟ್ಟಿಕೊಟ್ಟವರೂ ಅವರೇ. ಕೆಲಸ ಎಲ್ಲ ರೀತಿಯಲ್ಲೂ ಅವರಿಗೆ ಸೇರಿದ್ದು.

ಆದರೆ ನನಗೆ ಬೇರೆಯದೇ ಹುಚ್ಚು ಹತ್ತಿತ್ತು. ದೊರೆ ಭಾನುವಾರ ತೋಳು ಮಡಚಿಕೊಂಡು ಕೀಸುಳಿ ಹಿಡಿದು ಹಲಗೆ ನುಣುಪು ಮಾಡುವುದನ್ನು ನಾನು ಹನ್ನೆರಡು ವರ್ಷ ದೂರದಿಂದ ನೋಡಿದ್ದೆ. ಹೋಗುವಾಗ ಅವರು ತಮ್ಮ ಹತಾರದ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಹೋಗಿದ್ದರು. ಯಜಮಾನಿಕೆ ಎಂದರೆ ಅದೇ ಎಂದು ನಾನು ತಿಳಿದಿದ್ದೆನೋ ಏನೋ. ಒಂದೇ ತೊಡಕು. ದೊರೆ ಕೀಸುಳಿ ಹಿಡಿದರೆ ಅದು ಷೋಕಿ, ನಾನು ಹಿಡಿದರೆ ‘ರೈಟ್ರು ಕೂಲಿಗೆ ಬಂದರು’ ಎಂದು ಬಣಕಲ್ ಪೇಟೆಯವರೆಗೂ ನಗು. ಹಾಗಾಗಿ ಡೆಕ್ಕಿನ ಸುತ್ತ ಗೋಣಿತಾಟು ಇಳಿಬಿಟ್ಟು, ಕಣ್ಣು ತಪ್ಪಿಸಿ ಕೆಲಸ ಶುರು ಮಾಡಿದೆ. ಮಾಘದ ಬಿಸಿಲು, ಕಾಫಿ ಕೊಯ್ಲು ಮುಗಿಯುವ ಹೊತ್ತು.

ಹಳೆಯ ಹಲಗೆ ಕಿತ್ತಾಗ ಕೆಳಗಿನ ಮತ್ತಿ ಮರದ ತೊಲೆಗಳು ಕಬ್ಬಿಣದ ಹಾಗಿದ್ದವು. ಮೆಟ್ಟಿಲ ಪಕ್ಕದ ತೊಲೆಯ ಮಗ್ಗುಲಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಎಲೆ ಕೊರೆದಿತ್ತು. ಎರಡು ಉಳಿಯೇಟಿಗೆ ಎರಡು ಅಂಚು, ಮೂರನೆಯದಕ್ಕೆ ನಡುವಿನ ನರ. ಅದು ಆಚಾರ್ರ ಗುರುತು. ಅವರು ಮಾಡಿದ ಕಡೆಗೋಲಿನ ತುದಿಯಲ್ಲೂ ಅದನ್ನು ನೋಡಿದ್ದೆ. ತೊಲೆಗಳನ್ನು ಹಾಗೆಯೇ ಉಳಿಸಿಕೊಂಡು, ಹೊಸ ಹೆಬ್ಬಲಸಿನ ಹಲಗೆಗಳನ್ನು ನಾನೇ ಕೀಸಿ ಮೇಲೆ ಹಾಸತೊಡಗಿದೆ.

ನಾಲ್ಕನೆಯ ದಿನ ಗೋಣಿತಾಟಿನ ಆಚೆ ಯಾರೋ ಕೆಮ್ಮಿದರು.

“ರೈಟ್ರೆ, ಕೀಸುಳಿ ಸದ್ದು ಕೇಳ್ತು. ಯಾರು ಕೆಲಸ ಮಾಡ್ತಿರೋದು?”

“ಯಾರೂ ಇಲ್ಲ ಆಚಾರ್ರೆ. ನಾನೇ ಸುಮ್ನೆ, ಹಿಂಗೇ…”

ಅವರು ತಾಟು ಎತ್ತಿ ಒಳಗೆ ಬಂದರು. ನನ್ನ ಕಾಲ ಬಳಿಯ ಸಿಪ್ಪೆಯ ರಾಶಿ ನೋಡಿದರು. ಮುಖದಲ್ಲಿ ಕೋಪ ಕಾಣಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೂ ಜಗಳ ತೆಗೆಯಲು ಅನುಕೂಲವಾಗುತ್ತಿತ್ತು. ಅವರು ಬಗ್ಗಿ ತಮ್ಮ ಎಲೆಯ ಮೇಲೆ ಬೆರಳಾಡಿಸಿ, “ಹಂಗೇ ಉಂಟು ನೋಡಿ” ಎಂದು ಒಂದಿಷ್ಟು ನಕ್ಕರು. ಆಮೇಲೆ ನಾನು ಹಾಸಿದ ಹಲಗೆಗಳ ಸಂದಿಗೆ ಉಗುರು ಹಾಕಲು ನೋಡಿದರು. ಉಗುರು ಹೋಗಲಿಲ್ಲ. ಬೆಣೆ ಹೊಡೆದು ಹೊಡೆದು ಒಂದಕ್ಕೊಂದು ಒತ್ತಿ ಕೂರಿಸಿದ್ದೆ. ಅದೇ ನನ್ನ ಜಂಬ.

“ಹಿಂಗೆ ಒತ್ತಬೇಡಿ ರೈಟ್ರೆ. ಮಧ್ಯೆ ಒಂದು ಕಾಸು ನಿಲ್ಲಿಸುವಷ್ಟು ಜಾಗ ಬಿಡಿ. ಈಗ ಬಿಸಿಲಿಗೆ ಮರ ಒಣಗಿ ಸಣ್ಣಗೆ ಆಗ್ಯದೆ. ಮಳೆ ಹಿಡಿದ ಮೇಲೆ ನೀರು ಕುಡಿದು ದಪ್ಪ ಆಗ್ತದೆ. ಆಗ ಅದಕ್ಕೆ ಮೈ ಚಾಚೋಕೆ ಜಾಗ ಬೇಡ್ವಾ?”

“ಜಾಗ ಬಿಟ್ರೆ ನನ್ನ ಪಾರ್ಚ್‌ಮೆಂಟ್ ಎಲ್ಲ ಕೆಳಗೆ ಸುರೀತದೆ. ಮೈ ಚಾಚೋಕೆ ಅದೇನು ಕೊಟ್ಟಿಗೆಯ ದನವಾ ಆಚಾರ್ರೆ?”

ಇದು ನನ್ನ ದೊಡ್ಡ ಬುದ್ಧಿವಂತಿಕೆಯಾಗಿತ್ತು. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜವನ್ನು, ಪಾರ್ಚ್‌ಮೆಂಟನ್ನು, ಕೆಳಗಿನ ಕಣದಲ್ಲಿ ಒಣಗಿಸಿ ಮೇಲಕ್ಕೆ ಹೊತ್ತು ತರುವ ಬದಲು ಡೆಕ್ಕಿನ ಮೇಲೇ ಹರಡಿದರೆ? ದೊರೆಗೂ ಹೊಳೆಯದ ಉಪಾಯ ನನಗೆ ಹೊಳೆದಿದೆ ಎಂದು ಬೀಗಿದ್ದೆ. ಆಚಾರ್ರು ವಾದ ಮಾಡಲಿಲ್ಲ. ಹೋಗುವ ಮುನ್ನ ತಾಟು ಹಿಡಿದುಕೊಂಡೇ ನಿಂತು ಬೇರೆ ಮಾತು ತೆಗೆದರು.

“ವಸ್ತಾರೆ ಮನೆ ಕೆಲಸಕ್ಕೆ ನೀವು ನನ್ನ ಬಗ್ಗೆ ಒಂದು ಮಾತು ಹೇಳಿದ್ರಂತೆ. ಭಾಳ ಉಪಕಾರ ಆಯ್ತು. ಈಗೀಗ ನೇಗಿಲು ಬಿಟ್ರೆ ಯಾರೂ ಏನೂ ಕೇಳಲ್ಲ ನನ್ನ. ಅದೊಂದು ಹೆಬ್ಬಾಗಿಲು ನಿಲ್ಸಿ ಉಳಿ ಕೆಳಗಿಡ್ತೀನಿ.”

ವಸ್ತಾರೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದವರು ನನ್ನ ಹೆಂಡತಿಯ ಸೋದರಮಾವ. ಹೆಬ್ಬಾಗಿಲಿಗೂ ಪಡಸಾಲೆಯ ಕಂಬಗಳಿಗೂ ಒಳ್ಳೆಯ ಕೈ ಬೇಕೆಂದಾಗ ಆಚಾರ್ರ ವಿಷಯ ಹೇಳಿದವನು ನಾನೇ. ಮಾವ ಸುಲಭಕ್ಕೆ ಒಪ್ಪುವವರಲ್ಲ. ಮಳೆಗಾಲದ ಮುಂಚೆಯೋ, ನಡುವೆ ಮಳೆ ಬಿಟ್ಟು ಹೊಳವು ಕೊಟ್ಟಾಗಲೋ ಬಂದು, ಕೈಕೆಲಸ ಕಣ್ಣಾರೆ ನೋಡಿ, ಮನಸ್ಸಿಗೆ ಬಂದರೆ ವೀಳ್ಯ ಕೊಡುತ್ತೇನೆ ಎಂದಿದ್ದರು. ನಮ್ಮಲ್ಲಿ ಬಡಗಿಗೆ ವೀಳ್ಯ ಕೊಟ್ಟರೆ ಕೆಲಸ ಒಪ್ಪಿಸಿದ ಹಾಗೆ. ಆಮೇಲೆ ಮಾತು ಬದಲಾಗುವುದಿಲ್ಲ.

ನನ್ನ ಡೆಕ್ಕು ಫಾಲ್ಗುಣದ ಹೊತ್ತಿಗೆ ಮುಗಿಯಿತು. ಕಡೆಯ ಕೊಯ್ಲಿನ ಪಾರ್ಚ್‌ಮೆಂಟ್ ಅದರ ಮೇಲೆ ಹರಡಿದೆ. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಹೆಂಡತಿಯನ್ನು ಕರೆದು ಬರಿಗಾಲಲ್ಲಿ ನಡೆಸಿ, “ಏನಾದರೂ ಚುಚ್ಚುತ್ತದಾ ನೋಡು” ಎಂದು ನಾಲ್ಕು ಸಲ ಕೇಳಿದೆ. ಬೇಸಿಗೆಯಲ್ಲಿ ಕಾಫಿ ಅರಳಿಸುವ ಹೂಮಳೆ ಬಂದು ಹೋಯಿತು, ಹಲಗೆ ಅಲುಗಲಿಲ್ಲ. ಆಚಾರ್ರಿಗೆ ವಯಸ್ಸಾಯಿತು ಎಂದುಕೊಂಡೆ.

ಮುಂಗಾರು ಹಿಡಿದ ಎಂಟನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹೊರಗೆ ಕೋವಿ ಹೊಡೆದಂಥ ಸದ್ದಾಯಿತು. ಹೋಗಿ ನೋಡಿದರೆ ಡೆಕ್ಕಿನ ನಟ್ಟನಡುವೆ ಎರಡು ಹಲಗೆಗಳು ಮೊಳೆ ಕಿತ್ತುಕೊಂಡು ಹುಲ್ಲಿನ ಮಾಡಿನ ಹಾಗೆ ಎದ್ದು ನಿಂತಿದ್ದವು. ಮಿಕ್ಕವು ಒಂದನ್ನೊಂದು ನೂಕಿ, ಕೊನೆಯ ಹಲಗೆ ಕಟಕಟೆಯ ಕಂಬವನ್ನೇ ಹೊರಕ್ಕೆ ತಳ್ಳಿತ್ತು. ನಾನು ಎದ್ದ ಹಲಗೆಗಳ ಮೇಲೆ ನಿಂತು, ಕುಣಿದು, ಕೊಡತಿಯಿಂದ ಬಡಿದೆ. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ನಗಲಿಲ್ಲ.

“ಆಚಾರ್ರನ್ನ ಕರ್ಸಿ” ಎಂದಳು.

“ಮಳೆ ಕಳೀಲಿ” ಎಂದೆ. ಅವರ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ.

ಮೂರು ದಿನ ಕಳೆದು ಹೊಳವು ಕೊಟ್ಟಿತು. ಬಿಸಿಲು ಕಂಡ ಆ ಬೆಳಿಗ್ಗೆಯೇ ಮಾವ ಬಣಕಲ್‌ನಲ್ಲಿ ಬಸ್ಸಿಳಿದು, ಬಾಡಿಗೆ ಗಾಡಿ ಮಾಡಿಕೊಂಡು ಬಂದುಬಿಟ್ಟರು. ಬಿಳಿ ಪಂಚೆ, ಬೆಳ್ಳಿ ಹಿಡಿಯ ಕೋಲು, ಹೆಗಲಲ್ಲಿ ಬಟ್ಟೆಯ ಚೀಲ. ಬಂದವರೇ ಚೀಲ ತೋರಿಸಿ, “ವೀಳ್ಯ ತಂದೇ ಬಂದಿದೀನಿ ಮಾರಾಯ. ಹೋಗೋ ದಾರೀಲಿ ನಿನ್ನ ಆಚಾರ್ರ ಕೈಗೆ ಕೊಟ್ಟು ಹೋಗ್ತೀನಿ. ಮೊದ್ಲು ಅವರ ಕೆಲಸ ತೋರ್ಸು” ಎಂದರು. ನಾನು ಒಳಗಿನ ಕಪಾಟು ತೋರಿಸೋಣ ಎಂದು ಬಾಗಿಲ ಕಡೆ ತಿರುಗಿದೆ. ಅವರು ಅಷ್ಟರಲ್ಲಿ ನೋಟ ಚೆನ್ನಾಗಿದೆಯೆಂದು ಡೆಕ್ಕಿನ ಮೇಲೆ ಕಾಲಿಟ್ಟಾಗಿತ್ತು.

ಎದ್ದ ಹಲಗೆಗೆ ಕಾಲು ಎಡವಿತು. ಕಟಕಟೆ ಹಿಡಿದರು. ಅದು ಕಂಬದ ಸಮೇತ ಕೈಗೆ ಬಂತು. ದೇವರ ದಯೆ, ಹೊರಕ್ಕೆ ಬೀಳದೆ ಒಳಕ್ಕೇ ಮಂಡಿಯೂರಿ ಬಿದ್ದರು. ಪಂಚೆ ಹರಿಯಿತು, ಮಂಡಿ ಜಜ್ಜಿತು. ನಾವಿಬ್ಬರೂ ಎತ್ತಿ ಕುರ್ಚಿಯಲ್ಲಿ ಕೂರಿಸಿದೆವು. ಹೆಂಡತಿ ಬಿಸಿನೀರು ತಂದಳು. ನೋವು ಸ್ವಲ್ಪ ಇಳಿದ ಮೇಲೆ ಮಾವ ಕೋಲೂರಿಕೊಂಡು ಮೆಟ್ಟಿಲಿಳಿದು, ಡೆಕ್ಕಿನ ಅಡಿ ಬಗ್ಗಿ ನೋಡಿದರು. ಕೋಲಿನ ತುದಿಯಿಂದ ತೊಲೆಯ ಮೇಲಿನ ಎಲೆಯನ್ನು ಮುಟ್ಟಿದರು. ಈ ಗುರುತಿನ ಮಾತನ್ನೂ ಹೊಗಳುವ ಭರದಲ್ಲಿ ನಾನೇ ಅವರಿಗೆ ಹಿಂದೆ ಹೇಳಿದ್ದೆ.

“ಇದು ಅವರದೇ ಗುರುತಲ್ವಾ?” ಎಂದರು.

ಇಷ್ಟು ಸಾಕಿತ್ತು. ‘ಮೇಲಿನ ಹಲಗೆ ಹಾಕಿದ್ದು ನಾನು ಮಾವ, ಆಚಾರ್ರು ಬೇಡ ಬೇಡ ಎಂದರೂ ಹಾಕಿದೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೀಸುಳಿ ಹಿಡಿದ ಅಳಿಯ ಎಂದು ಇವರು ವಸ್ತಾರೆಯಲ್ಲಿ ನಗುವುದು, ಅದು ನೆಂಟರ ಮನೆಮನೆಗೂ ಹೋಗುವುದು, ಎಲ್ಲ ಒಂದೇ ಉಸಿರಿಗೆ ಕಣ್ಣ ಮುಂದೆ ಬಂತು.  ನಾಲಿಗೆ ಕೆಟ್ಟದ್ದಕ್ಕೇ ಹೊರಳಿತು.

“ಹ್ಞೂಂ, ತೊಲೆ ಅವರದೇ” ಎಂದೆ.

ಸುಳ್ಳಲ್ಲ. ತೊಲೆ ಅವರದೇ. ಹೆಂಡತಿ ಬಿಸಿನೀರಿನ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಮುಂದಿನ ಮಾತಿಗಾಗಿ ನನ್ನ ಮುಖವನ್ನೇ ನೋಡಿದಳು. ಅದು ಬಾರದೆ ಹೋದಾಗ ಪಾತ್ರೆಯೊಂದಿಗೇ ಒಳಗೆ ಹೋದಳು.

ಮಾವ ಕುರ್ಚಿಗೆ ಮರಳಿ, “ವಯಸ್ಸಾಯ್ತು, ಕೈ ಹೋಯ್ತು, ಪಾಪ” ಎಂದರು. ಬೈಯಲಿಲ್ಲ. ಚೀಲ ತೆರೆದು, ಬಾಳೆಲೆಯಲ್ಲಿ ಸುತ್ತಿದ್ದ ವೀಳ್ಯದೆಲೆ ಬಿಚ್ಚಿದರು. ಅದರಲ್ಲೇ ಎರಡು ತೆಗೆದು ಸುಣ್ಣ ಸವರಿ ಅಡಿಕೆಯ ಜೊತೆ ಬಾಯಿಗಿಟ್ಟುಕೊಂಡರು. ನನಗೂ ಎರಡು ಚಾಚಿದರು. ನಾನು ತೆಗೆದುಕೊಂಡೆ. ಆಚಾರ್ರಿಗೆಂದು ತಂದ ವೀಳ್ಯವನ್ನು ಎದುರೆದುರು ಕೂತು ಇಬ್ಬರೂ ಜಗಿದೆವು. ಎಲೆ ಎಳೆಯದಾಗಿತ್ತು, ರುಚಿಯಾಗಿಯೂ ಇತ್ತು. ಈ ಮಾತು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಮಾವನನ್ನು ಬಸ್ಸಿಗೆ ಬಿಡಲು ಗಾಡಿಯಲ್ಲಿ ಹೊರಟೆ. ದಾರಿಯ ತಿರುವಿನಲ್ಲಿ ಆಚಾರ್ರ ಮನೆ ಇದೆಯೆಂಬುದು ಗಾಡಿ ಹತ್ತಿದ ಮೇಲೆ ನೆನಪಾಯಿತು. ವಸ್ತಾರೆಯವರು ಬಂದ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಬಾಗಿಲ ಮುಂದಿನ ಕಟ್ಟೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಒರೆಸಿಟ್ಟ ಒಂದು ಹಿತ್ತಾಳೆ ತಟ್ಟೆ. ವೀಳ್ಯ ಇಸಕೊಳ್ಳಲು. ಗಾಡಿ ಕಂಡದ್ದೇ ಎದ್ದು ಕೈ ಮುಗಿದರು. ಮಾವ ತಲೆಯಾಡಿಸಿದರು. ಗಾಡಿ ನಿಲ್ಲಲಿಲ್ಲ. ನಾನು ಎತ್ತಿನ ಬೆನ್ನು ನೋಡುತ್ತ ಕೂತಿದ್ದೆ. ತಿರುವು ದಾಟುವಾಗ ಓರೆಗಣ್ಣಿಗೆ ಕಂಡದ್ದು ಇಷ್ಟು: ಅವರು ಮುಗಿದ ಕೈ ಇಳಿಸಿರಲಿಲ್ಲ.

ಕೆಲವು ದಿನಗಳಲ್ಲಿ ಸುದ್ದಿ ಬಂತು. ಮಾವ ಚಿಕ್ಕಮಗಳೂರಿನ ಬೇರೊಬ್ಬ ಬಡಗಿಗೆ ವೀಳ್ಯ ಕೊಟ್ಟಿದ್ದರು. ಯಾಕೆ ಎಂಬುದೂ ಸುದ್ದಿಯ ಜೊತೆಗೇ ತಿರುಗಿತು. ರೈಟ್ರ ಮನೆಯ ಡೆಕ್ಕು ಆಚಾರ್ರು ಮಾಡಿದ್ದಂತೆ, ಒಂದೇ ಮಳೆಗೆ ಎದ್ದು ಹೋಯಿತಂತೆ, ದೊಡ್ಡವರ ಮಂಡಿ ಮುರಿಯಿತಂತೆ. ಮುರಿದಿರಲಿಲ್ಲ, ಆದರೆ ಸುದ್ದಿ ತಿರುಗುವಾಗ ಮುರಿಯುತ್ತದೆ. ನಮ್ಮ ಮನೆಯ ಕೆಲಸದ ಹೆಣ್ಣಾಳುಗಳೇ ಹೀಗೆ ಮಾತಾಡಿಕೊಳ್ಳುವುದನ್ನು ನಾನು ಬಚ್ಚಲಿನಿಂದ ಕೇಳಿಸಿಕೊಂಡೆ. ಕೇಳಿಸಿಕೊಂಡು ನೀರು ಹುಯ್ದುಕೊಂಡೆ.

ಮಳೆಯ ನಡುವಿನ ಇನ್ನೊಂದು ಹೊಳವಿನಲ್ಲಿ ಆಚಾರ್ರು ಬಂದರು. ಕಿಟಕಿಯಿಂದ ಕಂಡೆ. “ತೋಟಕ್ಕೆ ಹೋಗಿದಾರೆ ಅಂತ ಹೇಳು” ಎಂದು ಹೆಂಡತಿಗೆ ಹೇಳಿ, ಕಿಟಕಿಯ ಬದಿಗೆ ಸರಿದು ನಿಂತೆ. ಅವರು ನನ್ನನ್ನು ಕೇಳಲೇ ಇಲ್ಲ. ಹೆಂಡತಿಗೆ ಕೈ ಮುಗಿದು, “ಒಂಚೂರು ಕೆಲಸ ಉಂಟಮ್ಮ, ಮಾಡ್ಕಂಡು ಹೋಗ್ತೀನಿ” ಎಂದು ಡೆಕ್ಕಿನ ಅಡಿ ಇಳಿದರು. ಉಳಿಯ ಸದ್ದು ಕೇಳಿತು. ತಕ್, ತಕ್, ನಿಧಾನಕ್ಕೆ. ಹಲಗೆ ಸರಿಮಾಡುತ್ತಿದ್ದಾರೆ ಎಂದುಕೊಂಡೆ. ದೊಡ್ಡ ಮನುಷ್ಯ, ಹೊಟ್ಟೆಗೆ ಹಾಕಿಕೊಂಡರು ಎಂದು ನನ್ನ ಜೀವ ಹಗುರವಾಯಿತು. ಅಂಥ ನಾಚಿಕೆಗೆಟ್ಟ ಹಗುರ.

ಅವರು ಹೋದ ಮೇಲೆ ಇಳಿದು ನೋಡಿದೆ. ಹಲಗೆ ಇದ್ದಂತೆಯೇ ಇತ್ತು. ತೊಲೆಯ ಮೇಲೆ ಎಲೆ ಇರಲಿಲ್ಲ. ಅದಿದ್ದ ಜಾಗವನ್ನು ಉಳಿಯಲ್ಲಿ ತೆಳ್ಳಗೆ ಕೆತ್ತಿ ತೆಗೆದು, ಅಂಚು ಸವರಿ, ನೀರು ನಿಂತು ತೊಲೆ ಕೊಳೆಯದ ಹಾಗೆ ಸ್ವಲ್ಪ ಇಳಿಜಾರಾಗಿ ಓಟ ಕೊಟ್ಟು, ಮೇಲೆ ಎಣ್ಣೆ ಸವರಿದ್ದರು. ತೆಗೆಯುವ ಕೆಲಸವನ್ನೂ ಅಷ್ಟು ಚೆನ್ನಾಗಿ ಮಾಡಿದ್ದರು. ಕೆಳಗೆ ಒಂದು ಚಕ್ಕೆಯೂ ಬಿದ್ದಿರಲಿಲ್ಲ, ಆರಿಸಿಕೊಂಡು ಹೋಗಿದ್ದರು.

“ಕಿಟಕಿ ಹತ್ರ ನಿಂತಿದ್ದು ಅವರಿಗೆ ಕಾಣ್ತಿತ್ತು” ಎಂದಳು ಹೆಂಡತಿ. ಆ ವಿಷಯದಲ್ಲಿ ಅವಳು ಆಡಿದ ಮಾತು ಅದೊಂದೇ.

ದೀಪಾವಳಿ ಕಳೆದ ಮೇಲೆ, ಈ ಸಲ ಗೋಣಿತಾಟು ಕಟ್ಟದೆ, ಹಲಗೆಗಳನ್ನೆಲ್ಲ ಕಿತ್ತು, ಅಂಚು ಕೀಸಿ, ನಡುವೆ ಒಂದೊಂದು ಕಾಸು ನಿಲ್ಲಿಸಿ ಅಳತೆ ಹಿಡಿದು ಮತ್ತೆ ಹಾಸಿದೆ. ನೋಡಿದವರು ನೋಡಲಿ ಎಂಬ ಹಟ. ಯಾರೂ ಅಂಥದ್ದೇನೂ ನೋಡಲಿಲ್ಲ. ಗದ್ದೆ ಕೊಯ್ಲಾಯಿತು. ಎಲ್ಲ ಮನೆಗಳಿಂದ ಭತ್ತ ಅಳೆಸಿಕೊಂಡು ಹೋದ ಆಚಾರ್ರು ನಮ್ಮ ಮನೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಬುಟ್ಟಿಯನ್ನು ನಾನೇ ಹೊತ್ತುಕೊಂಡು ಅವರಲ್ಲಿಗೆ ಹೋದೆ. ಅವರು ಗಡಬಡಿಸಿ ಎದ್ದು, ಬುಟ್ಟಿ ಇಳಿಸಿ, ಮಣೆ ಹಾಕಿ, ಬೆಲ್ಲ ನೀರು ಕೊಟ್ಟರು. ನಾನು ಭತ್ತ ತೋರಿಸಿದೆ.

“ಹೆಂಗೆ ತಗೊಳ್ಳಲಿ ರೈಟ್ರೆ? ಈ ವರ್ಷ ನಿಮ್ಮ ಮನೇಲಿ ನಾನೇನೂ ಕೆಲಸ ಮಾಡಿಲ್ಲವಲ್ಲ” ಎಂದರು.

ನಾನು ಮಾವನ ಮುಂದೆ ಆಡಬೇಕಾಗಿದ್ದ ಮಾತು ಅದೇ. ಅದನ್ನು ಅವರು ಎಷ್ಟು ಸಲೀಸಾಗಿ ಆಡಿದರು! ಅದರಲ್ಲಿ ಕೊಂಕೂ ಇರಲಿಲ್ಲ. ಬುಟ್ಟಿ ಹೊತ್ತು ವಾಪಸ್ಸು ಬಂದೆ.

ಮರುದಿನವೇ ವಸ್ತಾರೆಗೆ ಹೋದೆ. ಹೊಸ ಮನೆಯ ಹೆಬ್ಬಾಗಿಲು ನಿಂತಾಗಿತ್ತು. ಅರಿಶಿನ ಕುಂಕುಮ ಇನ್ನೂ ಹಸಿಯಾಗಿತ್ತು. ಅದರ ಹೊಸ್ತಿಲ ಈಚೆಯೇ ನಿಂತು ಮಾವನಿಗೆ ಎಲ್ಲ ಹೇಳಿದೆ. ಗೋಣಿತಾಟು, ಬೆಣೆ, ಪಾರ್ಚ್‌ಮೆಂಟು, ಆಚಾರ್ರು ಕೊಟ್ಟ ಬುದ್ಧಿ, ನಾನು ಆಡಿದ ದನದ ಮಾತು. ಮಾವ ಕಣ್ಣರಳಿಸಿ ಕೇಳಿ, ಹೊಟ್ಟೆ ಹಿಡಿದು ನಕ್ಕರು.

“ನೀನು ಕೀಸುಳಿ ಹಿಡಿದ್ಯಾ ಮಾರಾಯ! ಮೊದ್ಲೇ ಹೇಳೋದಲ್ವಾ?” ಎಂದರು. ನಗು ನಿಂತ ಮೇಲೆ ಬಾಗಿಲ ಕಡೆ ನೋಡಿ, “ಈಗೇನು ಮಾಡೋದು, ನಿಲ್ಸಿ ಆಯ್ತಲ್ಲ” ಎಂದರು.

ಮಾವ ಬಿಡುತ್ತಾರೆಯೇ? ನೆಂಟರಿಗೆಲ್ಲ ಹೇಳಿದರು. ಬಣಕಲ್ ಪೇಟೆಯಲ್ಲಿ ಇಬ್ಬರು ನನ್ನ ಕೈ ಹಿಡಿದು ನೋಡಿ, ಗುಳ್ಳೆ ಬಂದಿದೆಯೇ ಎಂದು ಕೇಳಿದರು. ಅಂಗಡಿಯವರೊಬ್ಬರು ತಮ್ಮ ಕುರ್ಚಿಯ ಮುರಿದ ಕಾಲು ತೋರಿಸಿದರು. ಎರಡು ದಿನ ನಕ್ಕರು. ಮೂರನೆಯ ದಿನ ಯಾರಿಗೂ ನೆನಪಿರಲಿಲ್ಲ. ಆ ಎರಡು ದಿನದ ನಗುವಿಗೆ ಹೆದರಿ ನಾನು ಒಬ್ಬ ಮನುಷ್ಯನ ಐವತ್ತು ವರ್ಷದ ಹೆಸರನ್ನು ಜಗಿದು ಉಗಿದಿದ್ದೆ.

ಹೇಳಿ ಬಂದದ್ದನ್ನು ಆಚಾರ್ರಿಗೆ ತಿಳಿಸಲು ಹೋದೆ. ಅವರು ಯಾರದೋ ನೇಗಿಲಿಗೆ ಹಿಡಿಯ ಮೇಳಿ ಕೂರಿಸುತ್ತಿದ್ದರು. ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಿದೆ, ಕಣ್ಣಲ್ಲಿ ನೀರೂ ಬಂತು. ಅವರು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದರು.

“ಹಲಗೆ ಮಧ್ಯೆ ಜಾಗ ಬಿಟ್ರಾ?” ಎಂದರು.

“ಬಿಟ್ಟೆ. ಒಂದು ಕಾಸಿನಷ್ಟು.”

“ಸಾಕು. ಇನ್ನು ಏಳಲ್ಲ.”

ಆ ಮಾತಿನಿಂದ ನನಗೆ ಧೈರ್ಯ ಬಂತು. “ಒಂದ್ಸಲ ಬಂದು ತೊಲೆ ಮೇಲೆ ಮತ್ತೆ ನಿಮ್ಮ ಎಲೆ ಹಾಕಿ ಆಚಾರ್ರೆ” ಎಂದು ಕೇಳಿಕೊಂಡೆ.

ಅವರು ಮೇಳಿಯನ್ನು ತಿರುಗಿಸಿ ನೋಡಿದರು. “ಅದೀಗ ನಿಮ್ಮ ಕೆಲಸ ರೈಟ್ರೆ. ನಿಮ್ಮ ಗುರುತು ಹಾಕ್ಕೊಳ್ಳಿ” ಎಂದು ಮತ್ತೆ ಕೊಡತಿ ಎತ್ತಿದರು.

ಆ ಭಾನುವಾರ ದೊರೆಯ ಪೆಟ್ಟಿಗೆಯಿಂದ ಸಣ್ಣ ಉಳಿಯೊಂದನ್ನು ಆರಿಸಿಕೊಂಡು ಡೆಕ್ಕಿನ ಅಡಿ ಹೋಗಿ ಕೂತೆ. ಹಲಗೆಗಳ ಸಂದಿಯಿಂದ ಬಿಸಿಲಿನ ಗೀಟುಗಳು ತೊಲೆಯ ಮೇಲೆ ಬೀಳುತ್ತಿದ್ದವು. ಅವರು ಸವರಿಟ್ಟ ಜಾಗ ಅಂಗೈಯಷ್ಟು ನುಣುಪಾಗಿತ್ತು. ಉಳಿಯ ಬಾಯಿಯನ್ನು ಅದರ ಮೇಲಿಟ್ಟು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಮೇಲೆ ಹೆಂಡತಿ ಊಟಕ್ಕೆ ಕರೆದಳು. ಉಳಿಯನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಬಂದೆ. ಆ ಜಾಗ ಈಗಲೂ ಹಾಗೆಯೇ ಇದೆ.